ಕರಗಿಸಿದರೆ ಕಾಣದ ಜೀವಗಳು: ಕಡಲ ಮಂಜುಗಡ್ಡೆಯ ಬ್ಯಾಕ್ಟೀರಿಯಾಗಳನ್ನು ಹುಡುಕಿದ ಕಥೆ

1840ರ ದಶಕದ ಆರಂಭ. ಬ್ರಿಟನ್ನಿನ ಎರೆಬಸ್ ಮತ್ತು ಟೆರರ್ ಎಂಬ ಎರಡು ಹಡಗುಗಳು ಜೇಮ್ಸ್ ಕ್ಲಾರ್ಕ್ ರಾಸ್‌ನ ನಾಯಕತ್ವದಲ್ಲಿ ಅಂಟಾರ್ಕ್ಟಿಕಾದ ಮಂಜುಗಡ್ಡೆಗಳ ನಡುವೆ ದಾರಿ ಹುಡುಕುತ್ತಾ ದಕ್ಷಿಣಕ್ಕೆ ಸಾಗುತ್ತಿದ್ದವು. ಎರೆಬಸ್ ಹಡಗಿನಲ್ಲಿ ಜೋಸೆಫ್ ಡಾಲ್ಟನ್ ಹೂಕರ್ ಎಂಬ ಇಪ್ಪತ್ತರ ಹರೆಯದ ಸಹಾಯಕ ವೈದ್ಯನಿದ್ದ. ಮುಂದೆ ಡಾರ್ವಿನ್ನನ ಆಪ್ತ ಸ್ನೇಹಿತನಾಗಿ, ದೊಡ್ಡ ಸಸ್ಯವಿಜ್ಞಾನಿಯಾಗಿ ಹೆಸರು ಮಾಡಿದವನು ಇವನೇ. ಹಡಗು ಒಡೆದುಕೊಂಡು ಹೋಗುತ್ತಿದ್ದ ಮಂಜುಗಡ್ಡೆಯ ಹೋಳುಗಳು ಕೆಲವು ಕಡೆ ಬೆಳ್ಳಗಿರದೆ ಕಂದು ಬಣ್ಣಕ್ಕೆ ತಿರುಗಿದ್ದವು. ಹತ್ತಿರದಲ್ಲೇ ಒಂದು ಜ್ವಾಲಾಮುಖಿ ಹೊಗೆಯಾಡುತ್ತಿತ್ತು, ಅದಕ್ಕೂ ಹಡಗಿನ ಹೆಸರನ್ನೇ ಇಟ್ಟಿದ್ದರು. ಹಾಗಾಗಿ ಇದು ಅದರ ಬೂದಿಯೇ ಇರಬೇಕು ಎಂಬ ಊಹೆ ಸಹಜವಾಗಿತ್ತು. ಹೂಕರ್ ತಂದ ಮಾದರಿಗಳು ಬರ್ಲಿನ್ನಿನ ಕ್ರಿಶ್ಚಿಯನ್ ಎಹ್ರೆನ್‌ಬರ್ಗ್ ಎಂಬ ಸೂಕ್ಷ್ಮದರ್ಶಕ ತಜ್ಞನ ಕೈ ಸೇರಿದವು. ಅವನಿಗೆ ಕಂಡದ್ದು ಬೂದಿಯಲ್ಲ, ಡಯಾಟಮ್‌ಗಳು. ಗಾಜಿನಂಥ ಸಿಲಿಕಾ ಪೆಟ್ಟಿಗೆಯೊಳಗೆ ಬದುಕುವ ಏಕಕೋಶದ ಪಾಚಿಗಳವು.

ಹೆಪ್ಪುಗಟ್ಟಿದ ಕಡಲಿನಲ್ಲೂ ಜೀವವಿದೆ ಎಂಬುದು ಹೀಗೆ ಸುಮಾರು ನೂರ ಎಂಬತ್ತು ವರ್ಷಗಳ ಹಿಂದೆಯೇ ಗೊತ್ತಾಯಿತು. ಆದರೆ ಡಯಾಟಮ್‌ಗಿಂತ ಎಷ್ಟೋ ಪಾಲು ಚಿಕ್ಕದಾದ ಬ್ಯಾಕ್ಟೀರಿಯಾಗಳು ಅದೇ ಮಂಜುಗಡ್ಡೆಯಲ್ಲಿ ಹೇಗೆ ಬದುಕುತ್ತವೆ, ಯಾವ ಒತ್ತಡವನ್ನು ಹೇಗೆ ತಡೆದುಕೊಳ್ಳುತ್ತವೆ ಎಂದು ತಿಳಿಯಲು ಮತ್ತೆ ಒಂದೂವರೆ ಶತಮಾನ ಬೇಕಾಯಿತು. ಇಷ್ಟು ತಡವಾದದ್ದೇಕೆ? ದೂರ, ಚಳಿ, ದುಡ್ಡು ಎಲ್ಲವೂ ಕಾರಣಗಳೇ. ಇವೆಲ್ಲದರ ಜೊತೆಗೆ ಇನ್ನೊಂದು ಕಾರಣವಿತ್ತು. ಹುಡುಕುವ ವಿಧಾನವೇ ಹುಡುಕುವ ಜೀವಿಯನ್ನು ಕೊಲ್ಲುತ್ತಿತ್ತು. ಈ ಲೇಖನ ಮುಖ್ಯವಾಗಿ ಆ ಕಾರಣದ ಕಥೆ.

ಹೂಕರನ ನಂತರದ ದೊಡ್ಡ ಹೆಸರು ನಾರ್ವೆಯ ಫ್ರಿಟ್ಯೋಫ್ ನಾನ್ಸೆನ್‌ನದು. 1893ರಲ್ಲಿ ಆತ ಫ್ರಾಮ್ ಎಂಬ ಹಡಗನ್ನು ಬೇಕೆಂದೇ ಸೈಬೀರಿಯಾದ ಉತ್ತರದ ಮಂಜುಗಡ್ಡೆಯೊಳಗೆ ಸಿಕ್ಕಿಸಿದ. ಮಂಜುಗಡ್ಡೆ ತೇಲಿದಂತೆ ಹಡಗೂ ತೇಲಿ ಉತ್ತರ ಧ್ರುವದ ಹತ್ತಿರ ಹೋಗಬಹುದು ಎಂಬುದು ಅವನ ಲೆಕ್ಕ. ಮೂರು ವರ್ಷ ತೇಲಿದ ಆ ಹಡಗು 1896ರಲ್ಲಿ ಹೊರಬಂತು. 1894ರ ಬೇಸಿಗೆಯಲ್ಲಿ, ಮಂಜುಗಡ್ಡೆಯ ಮೇಲೆ ನಿಂತ ಕರಗಿದ ನೀರಿನ ಹೊಂಡಗಳಿಂದ ಲೋಳೆಯಂಥ ಉಂಡೆಗಳನ್ನು ಎತ್ತಿ ನಾನ್ಸೆನ್ ಸೂಕ್ಷ್ಮದರ್ಶಕದ ಕೆಳಗೆ ಇಟ್ಟ. ಡಯಾಟಮ್‌ಗಳಿದ್ದವು, ಅವನ್ನು ತಿನ್ನುವ ಏಕಕೋಶ ಜೀವಿಗಳಿದ್ದವು, ಬ್ಯಾಕ್ಟೀರಿಯಾಗಳೂ ಕಂಡವು. ಅವನು ತಂದ ಡಯಾಟಮ್‌ಗಳನ್ನು ಹಾಕೊನ್ ಗ್ರಾನ್ ಎಂಬ ವಿಜ್ಞಾನಿ 1904ರಲ್ಲಿ ವಿವರವಾಗಿ ಪ್ರಕಟಿಸಿದ. ಬ್ಯಾಕ್ಟೀರಿಯಾಗಳನ್ನು ಹಾಗೆ ಗುರುತಿಸಲು ಬರುವುದಿಲ್ಲ. ಡಯಾಟಮ್‌ಗೆ ಅದರದೇ ಚಿಪ್ಪಿನ ವಿನ್ಯಾಸವಿದೆ, ನೋಡಿದರೆ ಹೆಸರು ಹೇಳಬಹುದು. ಬ್ಯಾಕ್ಟೀರಿಯಾ ಒಂದು ಚುಕ್ಕೆ ಅಥವಾ ಒಂದು ಕಡ್ಡಿ. ಅದು ಯಾರು, ಏನು ಮಾಡುತ್ತದೆ ಎಂದು ತಿಳಿಯಬೇಕಾದರೆ ಆ ಕಾಲದಲ್ಲಿ ಅದನ್ನು ಬೆಳೆಸಿಯೇ ನೋಡಬೇಕಿತ್ತು.

ಬೆಳೆಸುವ ವಿದ್ಯೆಯನ್ನು ಜಗತ್ತಿಗೆ ಕಲಿಸಿದ್ದು ಜರ್ಮನಿಯ ರಾಬರ್ಟ್ ಕಾಖ್. 1880ರ ದಶಕದಲ್ಲಿ ಜೆಲಾಟಿನ್, ಅಗರ್ ತಟ್ಟೆಗಳ ಮೇಲೆ ಒಂದೊಂದು ಜಾತಿಯ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸುವ ಪದ್ಧತಿ ಅವನ ಪ್ರಯೋಗಾಲಯದಿಂದ ಹರಡಿತು. ಕ್ಷಯ, ಕಾಲರಾಗಳ ರೋಗಾಣು ಹಿಡಿದದ್ದು ಈ ದಾರಿಯಲ್ಲೇ. ಆದರೆ ಅದು ಮನುಷ್ಯನ ಮೈಬಿಸಿಯಲ್ಲಿ ಬದುಕುವ ರೋಗಾಣುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡ ವಿದ್ಯೆ. ಅದಕ್ಕೆ ಬೆಚ್ಚಗಿನ ಪೆಟ್ಟಿಗೆ ಬೇಕು, ಒಂದೆರಡು ದಿನದಲ್ಲಿ ಫಲಿತಾಂಶ ಬರಬೇಕು.

ಈ ವಿದ್ಯೆಯನ್ನೇ ಹೊತ್ತು ವೈದ್ಯರು ಧ್ರುವಗಳಿಗೆ ಹೋದರು. 1898ರ ಸ್ವೀಡನ್ನಿನ ಆರ್ಕ್ಟಿಕ್ ಯಾನದಲ್ಲಿದ್ದ ಲೆವಿನ್ ಎಂಬ ವೈದ್ಯ ಮರುವರ್ಷ ವರದಿ ಬರೆದ. ಅಲ್ಲಿನ ಗಾಳಿಯಲ್ಲಿ ಬ್ಯಾಕ್ಟೀರಿಯಾ ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ, ಅನೇಕ ಪ್ರಾಣಿಪಕ್ಷಿಗಳ ಕರುಳಿನಲ್ಲೂ ಇಲ್ಲ ಎಂಬುದು ಅವನು ಕಂಡುಕೊಂಡದ್ದು. 1901ರಿಂದ 1904ರ ನಡುವೆ ಅಂಟಾರ್ಕ್ಟಿಕಾಕ್ಕೆ ಹೋದ ಮೂರು ಯಾನಗಳಲ್ಲಿ ಬ್ಯಾಕ್ಟೀರಿಯಾ ಹುಡುಕುವ ಕೆಲಸವೂ ಸೇರಿತ್ತು. ಸ್ವೀಡನ್ನಿನ ಯಾನದಲ್ಲಿ ಎರಿಕ್ ಎಕೆಲೋಫ್, ಜರ್ಮನಿಯ ಗಾಸ್ ಹಡಗಿನಲ್ಲಿ ಹಾನ್ಸ್ ಗಾಝೆರ್ಟ್, ಸ್ಕಾಟ್ಲೆಂಡಿನ ಸ್ಕೋಷಿಯಾ ಹಡಗಿನಲ್ಲಿ ಹಾರ್ವಿ ಪಿರಿ. ಮೂವರೂ ವೈದ್ಯರೇ. ಗಾಸ್ ಹಡಗು 1902ರಲ್ಲಿ ಮಂಜುಗಡ್ಡೆಯಲ್ಲಿ ಸಿಕ್ಕಿ ಸುಮಾರು ಒಂದು ವರ್ಷ ಅಲ್ಲೇ ನಿಂತಿತು. ಅಷ್ಟು ಕಷ್ಟದ ನಡುವೆ, ಅಷ್ಟು ಕಡಿಮೆ ಸಲಕರಣೆಯಲ್ಲಿ ಇವರು ಮಾಡಿದ ಕೆಲಸ ನಿಜಕ್ಕೂ ದೊಡ್ಡದು. ಆದರೆ ಒಟ್ಟು ಚಿತ್ರ ಜನರ ತಲೆಯಲ್ಲಿ ಉಳಿದದ್ದು ಹೀಗೆ: ಧ್ರುವಪ್ರದೇಶ ಬಹುಮಟ್ಟಿಗೆ ನಿರ್ಜೀವ, ಶುಭ್ರ. ಅಲ್ಲಿ ಬ್ಯಾಕ್ಟೀರಿಯಾ ಸಿಕ್ಕರೂ ಅದು ಗಾಳಿಯೋ ಹಕ್ಕಿಯೋ ಮನುಷ್ಯನೋ ಹೊತ್ತು ತಂದದ್ದು, ಜಡವಾಗಿ ಬಿದ್ದಿರುವಂಥದ್ದು.

ಬೇರೆ ಸುಳಿವುಗಳು ಇರಲಿಲ್ಲವೆಂದಲ್ಲ. 1887ರಲ್ಲೇ ಫಾರ್ಸ್ಟರ್ ಎಂಬ ವಿಜ್ಞಾನಿ ಚಳಿಯಲ್ಲಿ ಇಟ್ಟ ಮೀನಿನ ಮೇಲೆ ಬೆಳಕು ಬೀರುವ ಬ್ಯಾಕ್ಟೀರಿಯಾ ಸೊನ್ನೆ ಡಿಗ್ರಿಯಲ್ಲೂ ಬೆಳೆಯುವುದನ್ನು ತೋರಿಸಿದ್ದ. 1902ರಲ್ಲಿ ಶ್ಮಿಟ್-ನೀಲ್ಸನ್ ಇಂಥವುಗಳಿಗೆ ‘ಸೈಕ್ರೊಫೈಲ್’ ಎಂದು ಹೆಸರಿಟ್ಟ. ನಾವು ಚಳಿಪ್ರಿಯ ಎನ್ನೋಣ. ಆದರೆ ಆ ಪದ ಬಹಳ ಕಾಲ ಸಡಿಲವಾಗಿ ಬಳಕೆಯಾಯಿತು. ಫ್ರಿಜ್ಜಿನಲ್ಲಿಟ್ಟ ಹಾಲು ಕೆಡಿಸುವ ಬ್ಯಾಕ್ಟೀರಿಯಾವನ್ನೂ ಹಾಗೆಂದೇ ಕರೆದರು. ಅದು ಚಳಿಯನ್ನು ಸಹಿಸುತ್ತದೆ, ಅಷ್ಟೆ. ಅದಕ್ಕೆ ಇಷ್ಟ ನಮ್ಮ ಅಡುಗೆಮನೆಯ ಉಷ್ಣತೆಯೇ. ಚಳಿಯನ್ನು ಸಹಿಸುವವರು ಬೇರೆ, ಚಳಿಯಿಲ್ಲದೆ ಬದುಕಲಾರದವರು ಬೇರೆ.

ಈ ವ್ಯತ್ಯಾಸ ಸ್ಪಷ್ಟವಾಗತೊಡಗಿದ್ದು ಕಡಲಿನ ಬ್ಯಾಕ್ಟೀರಿಯಾಗಳ ಅಧ್ಯಯನದಿಂದ. ಕ್ಯಾಲಿಫೋರ್ನಿಯಾದಲ್ಲಿ ಕ್ಲಾಡ್ ಝೋಬೆಲ್ ಮತ್ತು ಸಹೋದ್ಯೋಗಿ ಕಾನ್ 1940ರಲ್ಲಿ ಒಂದು ಸರಳ ಪ್ರಶ್ನೆ ಕೇಳಿಕೊಂಡರು. ಕಡಲಿನ ಬ್ಯಾಕ್ಟೀರಿಯಾಗಳು ಎಷ್ಟು ಬಿಸಿಗೆ ಸಾಯುತ್ತವೆ? ಮೂವತ್ತು, ನಲವತ್ತು ಡಿಗ್ರಿಯಲ್ಲಿ ಹತ್ತೇ ನಿಮಿಷ ಇಟ್ಟರೂ ಬಹಳಷ್ಟು ಸಾಯುತ್ತವೆ ಎಂದು ಉತ್ತರ ಬಂತು. ಕರಗಿದ ಅಗರನ್ನು ಗಟ್ಟಿಯಾಗದಂತೆ ತಟ್ಟೆಗೆ ಸುರಿಯಬೇಕಾದರೆ ಅದು ನಲವತ್ತು ಡಿಗ್ರಿಗಿಂತ ಬಿಸಿ ಇರಬೇಕು. ಎಂದರೆ ಎಣಿಸಲು ಕೂರುವ ಮೊದಲೇ ಎಣಿಸಬೇಕಾದವರಲ್ಲಿ ಒಂದು ಪಾಲು ಸತ್ತುಹೋಗಿರುತ್ತಿದ್ದರು.

ಅಮೆರಿಕದ ಒರೆಗಾನ್‌ನಲ್ಲಿದ್ದ ರಿಚರ್ಡ್ ಮೊರಿಟಾ ಇದನ್ನು ಕೊನೆಮುಟ್ಟಿಸಿದರು. 1975ರ ಅವರ ದೀರ್ಘ ಸಮೀಕ್ಷೆ ಚಳಿಪ್ರಿಯ ಎಂಬ ಪದಕ್ಕೆ ಖಚಿತ ಗಡಿ ಹಾಕಿತು. ಚೆನ್ನಾಗಿ ಬೆಳೆಯುವುದು 15 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ, ತಡೆದುಕೊಳ್ಳಬಲ್ಲ ಗರಿಷ್ಠ ಸುಮಾರು 20 ಡಿಗ್ರಿ, ಸೊನ್ನೆಯಲ್ಲಿ ಅಥವಾ ಅದರ ಕೆಳಗೂ ಬೆಳೆಯಬೇಕು. ಇಂಥ ಜೀವಿಗಳು ಸಿಗದಿದ್ದದ್ದು ಅವು ಇಲ್ಲವೆಂದಲ್ಲ, ಮಾದರಿ, ಪಿಪೆಟ್, ತಟ್ಟೆ ಇವುಗಳಲ್ಲಿ ಯಾವುದೋ ಒಂದು ಎಲ್ಲೋ ಒಮ್ಮೆ ಬೆಚ್ಚಗಾಗಿತ್ತು ಎಂಬ ಅರಿವು ಆ ಹೊತ್ತಿಗೆ ಮೂಡಿತ್ತು. ಚೆನ್ನೈ, ಹೈದರಾಬಾದಿನಲ್ಲಿ ಎಸಿ ಹಾಕಿ 24ಕ್ಕೆ ಇಟ್ಟುಕೊಂಡು ಕೂರುವ ನಮಗೆ ಇದು ವಿಚಿತ್ರವೆನಿಸಬಹುದು. ನಮ್ಮ ಆ ತಂಪು ಕೋಣೆ ಈ ಜೀವಿಗಳಿಗೆ ಸುಡುವ ಒಲೆ.

ಬಿಸಿಯ ಸಮಸ್ಯೆ ಹೀಗೆ ಗೊತ್ತಾಯಿತು. ಆದರೆ ಕಡಲ ಮಂಜುಗಡ್ಡೆಯಲ್ಲಿ ಅದಕ್ಕಿಂತ ದೊಡ್ಡ ಸಮಸ್ಯೆ ಇನ್ನೊಂದಿತ್ತು: ಉಪ್ಪು. ಇದನ್ನು ಅರ್ಥ ಮಾಡಿಕೊಳ್ಳಲು ಮಂಜುಗಡ್ಡೆಯ ಒಳಗೆ ಸ್ವಲ್ಪ ಇಳಿಯಬೇಕು.

ಫ್ರಿಜ್ಜಿನ ಐಸ್ ತುಂಡಿನ ಹಾಗೆ ಕಡಲ ಮಂಜುಗಡ್ಡೆ ಒಂದೇ ಗಟ್ಟಿ ವಸ್ತುವಲ್ಲ. ಒಂದು ಕಿಲೋ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅದು ಹೆಪ್ಪುಗಟ್ಟುವುದು ಮೈನಸ್ 1.8 ಡಿಗ್ರಿಯ ಆಸುಪಾಸಿನಲ್ಲಿ. ನೀರು ಹರಳಾಗುವಾಗ ಉಪ್ಪನ್ನು ಒಳಗೆ ಸೇರಿಸಿಕೊಳ್ಳುವುದಿಲ್ಲ, ಹೊರಗೆ ತಳ್ಳುತ್ತದೆ. ತಳ್ಳಿದ ಉಪ್ಪಿನಲ್ಲಿ ಬಹುಪಾಲು ಕೆಳಗಿನ ಕಡಲಿಗೆ ಹೋದರೂ ಒಂದಷ್ಟು ಹರಳುಗಳ ಸಂದಿನಲ್ಲಿ ಗಾಢ ಉಪ್ಪುನೀರಾಗಿ ಸಿಕ್ಕಿಕೊಳ್ಳುತ್ತದೆ. ಆ ಸಂದಿಗಳು, ಕೂದಲೆಳೆಯಷ್ಟು ಅಥವಾ ಅದಕ್ಕಿಂತ ಸಣ್ಣ ಕಾಲುವೆಗಳು, ಬ್ಯಾಕ್ಟೀರಿಯಾಗಳ ಮನೆ. ಮಂಜುಗಡ್ಡೆ ಗಟ್ಟಿಯಾದರೂ ಅವುಗಳ ಮನೆಯಲ್ಲಿ ಸದಾ ನೀರಿದೆ.

ಚಳಿ ಹೆಚ್ಚಿದಂತೆ ಇನ್ನಷ್ಟು ನೀರು ಹರಳಾಗುತ್ತದೆ, ಉಳಿದ ನೀರು ಇನ್ನಷ್ಟು ಉಪ್ಪಾಗುತ್ತದೆ, ಕಾಲುವೆ ಇನ್ನಷ್ಟು ಕಿರಿದಾಗುತ್ತದೆ. ಮೈನಸ್ 10 ಡಿಗ್ರಿಯಲ್ಲಿ ಆ ಉಪ್ಪುನೀರು ಕಡಲ ನೀರಿನ ಸುಮಾರು ನಾಲ್ಕು ಪಟ್ಟು ಉಪ್ಪು. ಮೈನಸ್ 20ರಲ್ಲಿ ಸುಮಾರು ಆರು ಪಟ್ಟು. ಆರ್ಕ್ಟಿಕ್ ಚಳಿಗಾಲದಲ್ಲಿ ಗಾಳಿ ಮೈನಸ್ 30ಕ್ಕೆ ಇಳಿದಿದ್ದರೂ ಮಂಜುಗಡ್ಡೆಯ ತಳ ಕಡಲಿಗೆ ತಾಗಿಕೊಂಡು ಮೈನಸ್ 1.8ರಲ್ಲೇ ಇರುತ್ತದೆ. ಒಂದೂವರೆ ಮೀಟರ್ ದಪ್ಪದೊಳಗೆ ಇಷ್ಟು ಅಂತರ. ತಳದಲ್ಲಿರುವ ಬ್ಯಾಕ್ಟೀರಿಯಾ ಒಂದು ಲೋಕದಲ್ಲಿದ್ದರೆ ಮೇಲ್ಪದರದಲ್ಲಿರುವುದು ಇನ್ನೊಂದೇ ಲೋಕದಲ್ಲಿದೆ.

ಉಪ್ಪು ಜೀವಕೋಶಕ್ಕೆ ಏನು ಮಾಡುತ್ತದೆ ಎಂದು ತಿಳಿಯಲು ನಮ್ಮ ಮನೆಗಳ ಉಪ್ಪಿನಕಾಯಿ ಭರಣಿಯೇ ಸಾಕು. ಮಿಡಿ ಮಾವಿನಕಾಯಿಗೆ ಉಪ್ಪು ಬೆರೆಸಿ ಇಟ್ಟರೆ ಕೆಲವು ದಿನದಲ್ಲಿ ಮಿಡಿ ನೀರು ಬಿಟ್ಟುಕೊಂಡು ಸುಕ್ಕುಗಟ್ಟುತ್ತದೆ. ಹೊರಗೆ ಉಪ್ಪು ಹೆಚ್ಚಿದ್ದರೆ ಒಳಗಿನ ನೀರು ಹೊರಗೆ ಹೋಗುತ್ತದೆ. ತಿರುಗಾಮುರುಗಾ ಮಾಡಿದರೂ ಅಪಾಯವೇ. ಉಪ್ಪಿಗೆ ಒಗ್ಗಿಕೊಂಡು ಒಳಗೆಲ್ಲ ಗಾಢವಾಗಿರುವ ಕೋಶವನ್ನು ಥಟ್ಟನೆ ಸಪ್ಪೆ ನೀರಿಗೆ ಹಾಕಿದರೆ ಹೊರಗಿನ ನೀರು ಒಳಗೆ ನುಗ್ಗುತ್ತದೆ, ಕೋಶ ಉಬ್ಬುತ್ತದೆ, ಗೋಡೆ ಗಟ್ಟಿಯಿಲ್ಲದಿದ್ದರೆ ಒಡೆಯುತ್ತದೆ.

ಈಗ ನೂರು ವರ್ಷ ಎಲ್ಲರೂ ಮಾಡಿಕೊಂಡು ಬಂದ ಕೆಲಸವನ್ನು ನೆನಪಿಸಿಕೊಳ್ಳಿ. ಮಂಜುಗಡ್ಡೆಯ ತುಂಡು ತೆಗೆದು ಬಕೆಟ್ಟಿನಲ್ಲಿಟ್ಟು ಕರಗಿಸಿ, ಆ ನೀರನ್ನು ಪರೀಕ್ಷಿಸುವುದು. ಹರಳು ಮತ್ತು ಉಪ್ಪುನೀರು ಒಟ್ಟಿಗೆ ಕರಗಿದಾಗ ಸಿಗುವುದು ಕಿಲೋಗೆ ಐದಾರು ಗ್ರಾಂ ಉಪ್ಪಿರುವ, ಹೆಚ್ಚುಕಡಿಮೆ ಸಪ್ಪೆ ನೀರು. 140 ಗ್ರಾಂ ಉಪ್ಪಿನಲ್ಲಿ ಬದುಕುತ್ತಿದ್ದ ಕೋಶವನ್ನು ಕೆಲವೇ ಗಂಟೆಗಳಲ್ಲಿ ಐದು ಗ್ರಾಂ ಉಪ್ಪಿಗೆ ಇಳಿಸಿದಂತಾಯಿತು. 1986ರಲ್ಲಿ ಡೇವಿಡ್ ಗ್ಯಾರಿಸನ್ ಮತ್ತು ಕರ್ಟ್ ಬಕ್ ಇದನ್ನು ಪ್ರಯೋಗ ಮಾಡಿ ತೋರಿಸಿದರು. ಹಾಗೆಯೇ ಕರಗಿಸಿದರೆ ಮೃದು ಮೈಯ ಏಕಕೋಶ ಜೀವಿಗಳಲ್ಲಿ ದೊಡ್ಡ ಪಾಲು ನಾಶವಾಗುತ್ತದೆ. ಸೋಸಿದ ಕಡಲ ನೀರಿನೊಳಗೆ ಹಾಕಿ ಕರಗಿಸಿದರೆ ಉಳಿಯುತ್ತವೆ. ಗಾಜಿನ ಪೆಟ್ಟಿಗೆಯಲ್ಲಿದ್ದ ಡಯಾಟಮ್ ಹೂಕರನ ಕಾಲದಿಂದಲೂ ಕಾಣುತ್ತಿದ್ದುದಕ್ಕೂ ಉಳಿದವು ಕಾಣದಿದ್ದುದಕ್ಕೂ ಇದೂ ಒಂದು ಕಾರಣ.

ಸಾಫ್ಟ್‌ವೇರ್ ಕೆಲಸ ಮಾಡುವವರಿಗೆ ಈ ಸಂಕಟ ಬೇಗ ಅರ್ಥವಾಗುತ್ತದೆ. ಕೆಲವು ಬಗ್‌ಗಳು ಡೀಬಗರ್ ಹಚ್ಚಿದ ಕೂಡಲೇ ಮಾಯವಾಗುತ್ತವೆ. ನೋಡುವ ಸಲಕರಣೆಯೇ ವ್ಯವಸ್ಥೆಯ ವೇಗವನ್ನೋ ಮೆಮೊರಿಯನ್ನೋ ಬದಲಿಸಿಬಿಟ್ಟಿರುತ್ತದೆ. ಅಲ್ಲಿ ಸಮಸ್ಯೆಯೇ ಇಲ್ಲ ಎಂದು ಟಿಕೆಟ್ ಮುಚ್ಚುವುದು ಸುಲಭ. ಧ್ರುವದ ಮಂಜುಗಡ್ಡೆಯ ವಿಷಯದಲ್ಲಿ ಆ ಟಿಕೆಟ್ ಬಹಳ ವರ್ಷ ಮುಚ್ಚಿಯೇ ಇತ್ತು.

ಅದನ್ನು ಮತ್ತೆ ತೆರೆದವರಲ್ಲಿ ಕೊರ್ನೇಲಿಯಸ್ ಸಲಿವನ್ ಮತ್ತು ಆನ್ನಾ ಪಾಲ್ಮಿಸಾನೊ ಮುಖ್ಯರು. ಅಂಟಾರ್ಕ್ಟಿಕಾದ ಮೆಕ್‌ಮರ್ಡೊ ಸೌಂಡ್‌ನ ಮಂಜುಗಡ್ಡೆಯಲ್ಲಿ 1980ರಲ್ಲಿ ತೆಗೆದ ಮಾದರಿಗಳ ಫಲಿತಾಂಶವನ್ನು ಅವರು 1984ರಲ್ಲಿ ಪ್ರಕಟಿಸಿದರು. ತಟ್ಟೆಯಲ್ಲಿ ಬೆಳೆಯುವವರೆಗೆ ಕಾಯದೆ ನೇರವಾಗಿ ಸೂಕ್ಷ್ಮದರ್ಶಕದಲ್ಲಿ ಎಣಿಸಿದಾಗ ಅಲ್ಲಿ ಬ್ಯಾಕ್ಟೀರಿಯಾಗಳ ಸಮೃದ್ಧ, ವೈವಿಧ್ಯಮಯ ಸಮುದಾಯವೇ ಇತ್ತು. ಕೆಲವು ಪಾಚಿಗಳ ಮೈಗೆ ಅಂಟಿಕೊಂಡಿದ್ದವು, ವಿಭಜನೆಯಾಗುತ್ತಿರುವ ಕೋಶಗಳೂ ಕಂಡವು. ಜಡವಾಗಿ ಬಿದ್ದಿರುವವು ವಿಭಜನೆಯಾಗುವುದಿಲ್ಲ. ಹತ್ತು ವರ್ಷದ ನಂತರ, 1994ರಲ್ಲಿ, ಗ್ರಾಸ್‌ಮನ್ ಮತ್ತು ಡೀಕ್‌ಮನ್ ವೆಡೆಲ್ ಸಮುದ್ರದಲ್ಲಿ ಮಂಜುಗಡ್ಡೆ ಹುಟ್ಟುವ ಹಂತದಿಂದಲೇ ಬ್ಯಾಕ್ಟೀರಿಯಾಗಳನ್ನು ಹಿಂಬಾಲಿಸಿದರು. ಹೊಸ ಮಂಜುಗಡ್ಡೆಯಲ್ಲಿ ಮೊದಲು ಅವುಗಳ ಚಟುವಟಿಕೆ ಕುಸಿಯುತ್ತದೆ. ಕಡಲಿನಿಂದ ಥಟ್ಟನೆ ಕಿರಿದಾದ ಉಪ್ಪು ಕಾಲುವೆಗೆ ಬಿದ್ದ ಆಘಾತ ಅದು. ಆಮೇಲೆ ಒಗ್ಗಿಕೊಂಡವು ಬೆಳೆಯುತ್ತವೆ, ಗಾತ್ರದಲ್ಲೂ ದೊಡ್ಡವಾಗುತ್ತವೆ. ಊರು ಬಿಟ್ಟು ಹೊಸ ನಗರಕ್ಕೆ ಬಂದವರ ಮೊದಲ ವರ್ಷದ ಹಾಗೆ.

ಇದೇ ಕಾಲದಲ್ಲಿ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜೇಮ್ಸ್ ಸ್ಟೇಲಿ ಮತ್ತು ಸಂಗಡಿಗರು ಮಂಜುಗಡ್ಡೆಯ ಬ್ಯಾಕ್ಟೀರಿಯಾಗಳನ್ನು ತಾಳ್ಮೆಯಿಂದ, ಚಳಿಯಲ್ಲೇ ಬೆಳೆಸಿ ಒಂದೊಂದಕ್ಕೆ ಹೆಸರಿಡುತ್ತಿದ್ದರು. ಪೋಲಾರಿಬ್ಯಾಕ್ಟರ್ ಎಂಬ ಕುಲ 1998ರಲ್ಲಿ ಹೀಗೆ ಬಂತು. ಅಲಾಸ್ಕಾದ ಪಾಯಿಂಟ್ ಬ್ಯಾರೋ ಬಳಿಯ ಮಂಜುಗಡ್ಡೆಯಿಂದ ಅವರಿಗೆ ಸಿಕ್ಕ ಇನ್ನೊಂದು ಜೀವಿಯ ಹೆಸರು ಸೈಕ್ರೊಮೊನಾಸ್ ಇಂಗ್ರಹಾಮಿ. ಇದು ಮೈನಸ್ 12 ಡಿಗ್ರಿಯಲ್ಲಿ ಬೆಳೆಯುತ್ತದೆ ಎಂದು 2004ರಲ್ಲಿ ವರದಿಯಾಯಿತು. ಆ ಚಳಿಯಲ್ಲಿ ಒಂದು ಕೋಶ ಎರಡಾಗಲು 240 ಗಂಟೆ ಬೇಕು, ಅಂದರೆ ಹತ್ತು ದಿನ. ನಮ್ಮ ಕರುಳಿನ ಇ. ಕೋಲಿಗೆ ಅನುಕೂಲವಿದ್ದರೆ ಇಪ್ಪತ್ತು ನಿಮಿಷ ಸಾಕು. ಎರಡು ದಿನಕ್ಕೆ ತಟ್ಟೆ ನೋಡಿ ಏನೂ ಇಲ್ಲವೆಂದು ಎಸೆಯುವವರಿಗೆ ಇಂಥ ಜೀವಿ ಎಂದಿಗೂ ಸಿಗುತ್ತಿರಲಿಲ್ಲ.

ಅದೇ ವಿಶ್ವವಿದ್ಯಾಲಯದಲ್ಲಿದ್ದ ಜೋಡಿ ಡೆಮಿಂಗ್ ಅವರ ತಂಡ ಕೊನೆಯ ತಡೆಯನ್ನು ದಾಟಿತು. ಡೆಮಿಂಗ್ ಅವರ ಗುರು ರೀಟಾ ಕೋಲ್ವೆಲ್. ಬಾಂಗ್ಲಾದೇಶದಲ್ಲಿ ಹಳೆಯ ಸೀರೆಯ ಮಡಿಕೆಯಲ್ಲಿ ನೀರು ಸೋಸಿ ಕಾಲರಾ ತಗ್ಗಿಸಬಹುದೆಂದು ತೋರಿಸಿದವರು ಅವರೇ. ಡೆಮಿಂಗ್ 1988ರಲ್ಲಿ ಚಳಿಪ್ರಿಯ ಬ್ಯಾಕ್ಟೀರಿಯಾಗಳ ಒಂದು ಕುಲಕ್ಕೆ ಗುರುವಿನ ಹೆಸರು ಸೇರಿಸಿ ಕೋಲ್ವೆಲಿಯಾ ಎಂದು ಕರೆದರು. ಅವರ ತಂಡದ ಕರೆನ್ ಯುಂಗೆ, ಮಂಜುಗಡ್ಡೆಯ ಭೌತವಿಜ್ಞಾನಿ ಹಾಜೋ ಐಕೆನ್ ಮೊದಲಾದವರು ಸೇರಿ ಕೇಳಿದ್ದು ಇಷ್ಟೇ: ಕರಗಿಸದೆ ನೋಡಬಹುದೇ?

ಅವರು ಶೀತಲ ಕೋಣೆಯೊಳಗೆ ಸೂಕ್ಷ್ಮದರ್ಶಕ ಇಟ್ಟು, ಮಂಜುಗಡ್ಡೆಯನ್ನು ತೆಳುವಾಗಿ ಕೊಯ್ದು, ಹೊಳೆಯುವ ಬಣ್ಣ ಹಾಕಿ, ಕಾಲುವೆಗಳೊಳಗೇ ಬ್ಯಾಕ್ಟೀರಿಯಾಗಳನ್ನು ನೋಡಿದರು. ಕರಗಿಸಲೇಬೇಕಾದಾಗ ಬಿಸಿಯಿಂದ ಕರಗಿಸಲಿಲ್ಲ, ಉಪ್ಪಿನಿಂದ ಕರಗಿಸಿದರು. ಕುಲ್ಫಿ ಮಾಡುವವರು ಐಸಿಗೆ ಉಪ್ಪು ಬೆರೆಸುವುದನ್ನು ನೋಡಿದ್ದೀರಲ್ಲ, ಐಸ್ ಕರಗುತ್ತದೆ, ಆದರೆ ಬೆಚ್ಚಗಾಗುವುದಿಲ್ಲ. ಹಾಗೆಯೇ ಮೈನಸ್ 20 ಡಿಗ್ರಿಯ ಮಂಜುಗಡ್ಡೆಯನ್ನು ಮೈನಸ್ 20ರಲ್ಲೇ, ಅದರ ಕಾಲುವೆಗಳಲ್ಲಿದ್ದಷ್ಟೇ ಉಪ್ಪಿನಲ್ಲಿ, ಅಂದರೆ ಕಿಲೋಗೆ 209 ಗ್ರಾಂ ಉಪ್ಪಿನಲ್ಲಿ ಕರಗಿಸಿದರು. ಬ್ಯಾರೋ ಬಳಿಯ ಚಳಿಗಾಲದ ಮಂಜುಗಡ್ಡೆಯ ಮೇಲೆ ಮಾಡಿದ ಈ ಕೆಲಸ 2004ರಲ್ಲಿ ಪ್ರಕಟವಾಯಿತು. ಮೈನಸ್ 2ರಿಂದ ಮೈನಸ್ 20ರವರೆಗಿನ ಎಲ್ಲ ಪದರಗಳಲ್ಲೂ ಉಸಿರಾಡುತ್ತಿರುವ ಬ್ಯಾಕ್ಟೀರಿಯಾಗಳು ಸಿಕ್ಕವು. ಪ್ರಮಾಣ ಕಡಿಮೆ, ನೂರಕ್ಕೆ 0.5ರಿಂದ 4ರಷ್ಟು. ಆದರೆ ಇವು ಜೀವಂತ, ಕೆಲಸದಲ್ಲಿರುವ ಕೋಶಗಳು. ಇನ್ನೂ ಮುಖ್ಯವಾದ ಒಂದು ಸಂಗತಿ ಕಂಡಿತು. ಅತಿ ಚಳಿಯ ಪದರದಲ್ಲಿ ಚಟುವಟಿಕೆಯಿಂದಿದ್ದ ಬ್ಯಾಕ್ಟೀರಿಯಾಗಳು ಬಹುತೇಕ ಎಲ್ಲವೂ ಯಾವುದಾದರೂ ಒಂದು ಕಣಕ್ಕೆ ಅಂಟಿಕೊಂಡಿದ್ದವು. ಒಂಟಿಯಾಗಿ ತೇಲುತ್ತಿದ್ದವು ಸುಮ್ಮನಾಗಿದ್ದವು.

ಯಾಕೆ ಅಂಟಿಕೊಳ್ಳಬೇಕು? ಉತ್ತರ ನಾನ್ಸೆನ್‌ನ ಕೈಗೆ 1894ರಲ್ಲೇ ಹತ್ತಿದ್ದ ಲೋಳೆಯಂಥದ್ದೇ ವಸ್ತುವಿನಲ್ಲಿತ್ತು. ಪಾಚಿಗಳೂ ಬ್ಯಾಕ್ಟೀರಿಯಾಗಳೂ ತಮ್ಮ ಸುತ್ತ ಸಕ್ಕರೆ ಸರಪಳಿಗಳ ಒಂದು ಲೋಳೆಯನ್ನು ಸ್ರವಿಸುತ್ತವೆ. ಆರ್ಕ್ಟಿಕ್ ಚಳಿಗಾಲದ ಮಂಜುಗಡ್ಡೆಯಲ್ಲಿ ಈ ಲೋಳೆ ಬಹಳ ಇದೆ ಎಂದು ಕ್ರಿಸ್ಟೋಫರ್ ಕ್ರೆಂಬ್ಸ್ ಮತ್ತು ಸಂಗಡಿಗರು 2002ರಲ್ಲಿ ತೋರಿಸಿದರು. 2009ರಲ್ಲಿ ಡೆಮಿಂಗ್ ತಂಡ ಕೋಲ್ವೆಲಿಯಾದ ಒಂದು ತಳಿಯನ್ನು ಪ್ರಯೋಗಾಲಯದಲ್ಲಿ ತಂಪಾಗಿಸುತ್ತಾ ಹೋದಾಗ ಮೈನಸ್ 8ರ ಕೆಳಗೆ ಅದು ಲೋಳೆ ಮಾಡುವುದನ್ನು ಒಮ್ಮೆಲೇ ಹೆಚ್ಚಿಸಿತು. ಈ ತಳಿ ಬಂದದ್ದು ಮಂಜುಗಡ್ಡೆಯಿಂದಲ್ಲ, ಆರ್ಕ್ಟಿಕ್ ಕಡಲತಳದ ಕೆಸರಿನಿಂದ. ಆದರೂ ತತ್ವ ಒಂದೇ. ಲೋಳೆ ಕೋಶದ ಸುತ್ತ ಒಂದಿಷ್ಟು ನೀರನ್ನು ಹಿಡಿದಿಡುತ್ತದೆ, ಹರಳಿನ ಮೊನೆ ತಾಗದಂತೆ ನೋಡಿಕೊಳ್ಳುತ್ತದೆ. 2011ರಲ್ಲಿ ಇನ್ನೂ ಬೆರಗಿನ ಸಂಗತಿ ಬಂತು. ಮಂಜುಗಡ್ಡೆಯ ಡಯಾಟಮ್ ಒಂದರ ಲೋಳೆ ಬೆರೆಸಿ ಕಡಲ ನೀರನ್ನು ಹೆಪ್ಪುಗಟ್ಟಿಸಿದರೆ ಕಾಲುವೆಗಳ ಆಕಾರವೇ ಬದಲಾಗುತ್ತದೆ, ಅಂಕುಡೊಂಕಾಗುತ್ತವೆ, ಮಂಜುಗಡ್ಡೆ ಹೆಚ್ಚು ಉಪ್ಪುನೀರನ್ನು ಉಳಿಸಿಕೊಳ್ಳುತ್ತದೆ. ಇವು ಬಾಡಿಗೆ ಮನೆಯಲ್ಲಿ ಚಳಿ ಸಹಿಸಿಕೊಂಡು ಕುಳಿತಿಲ್ಲ, ಗೋಡೆಗಳನ್ನೇ ತಮಗೆ ಬೇಕಾದಂತೆ ಕಟ್ಟಿಕೊಳ್ಳುತ್ತವೆ.

ಕೋಶದ ಒಳಗೂ ಸಿದ್ಧತೆಗಳಿವೆ. ಚಳಿಗೆ ತುಪ್ಪ ಗಟ್ಟಿಯಾಗುತ್ತದೆ, ಎಣ್ಣೆ ಹರಿಯುತ್ತಲೇ ಇರುತ್ತದೆ. ಚಳಿಪ್ರಿಯ ಬ್ಯಾಕ್ಟೀರಿಯಾಗಳ ಪೊರೆ ಎಣ್ಣೆಯ ಜಾತಿಯ ಕೊಬ್ಬಿನಿಂದಾಗಿದೆ. ಅವುಗಳ ಕಿಣ್ವಗಳು ಸಡಿಲ, ಚಳಿಯಲ್ಲೂ ಬಾಗುತ್ತವೆ. ಆ ಸಡಿಲತೆಯಿಂದಲೇ ಸ್ವಲ್ಪ ಬಿಸಿಗೆ ಕಳಚಿಹೋಗುತ್ತವೆ. ಇಲ್ಲಿ ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ಕೆಲಸವನ್ನು ನೆನೆಯಬೇಕು. ಎಸ್. ಶಿವಾಜಿ ಮತ್ತು ಎಂ. ಕೆ. ರೇ ಅಲ್ಲಿ ಅಂಟಾರ್ಕ್ಟಿಕಾದ ಬ್ಯಾಕ್ಟೀರಿಯಾಗಳ ಮೇಲೆ ದಶಕಗಳ ಕಾಲ ಕೆಲಸ ಮಾಡಿದರು. ಅವು ಮಂಜುಗಡ್ಡೆಯವಲ್ಲ, ಹೆಚ್ಚಾಗಿ ನೆಲದವು. ಆದರೆ ಚಳಿಯ ಒಂದು ಪೆಟ್ಟು ಎಲ್ಲರಿಗೂ ಒಂದೇ. ಆರ್‌ಎನ್‌ಎ ಎಳೆಗಳು ಚಳಿಗೆ ಗಂಟು ಬೀಳುತ್ತವೆ. ರೇ ಅವರ ತಂಡ ಅಭ್ಯಸಿಸಿದ ಸ್ಯೂಡೊಮೊನಾಸ್ ತಳಿಯಲ್ಲಿ ಆರ್‌ಎನ್‌ಏಸ್-ಆರ್ ಎಂಬ ಕಿಣ್ವ ಆ ಗಂಟುಗಳನ್ನು ಕತ್ತರಿಸುವ ಯಂತ್ರದ ಭಾಗ. ಅದನ್ನು ತೆಗೆದರೆ ಆ ಬ್ಯಾಕ್ಟೀರಿಯಾ 4 ಡಿಗ್ರಿಯಲ್ಲಿ ಬೆಳೆಯುವುದಿಲ್ಲ.

ಉಪ್ಪಿಗೆ ಉತ್ತರ ಬೇರೆ. ಹೊರಗೆ ಉಪ್ಪು ಏರಿದಾಗ ಕೋಶ ಕೋಲೀನ್‌ನಂಥ ವಸ್ತುವನ್ನು ಒಳಗೆಳೆದು ಗ್ಲೈಸಿನ್ ಬೀಟೇನ್ ಮಾಡಿಕೊಂಡು ತುಂಬಿಕೊಳ್ಳುತ್ತದೆ. ಒಳಗೂ ಹೊರಗೂ ಒತ್ತಡ ಸಮನಾಗುತ್ತದೆ. ಉಪ್ಪು ಇಳಿದಾಗ ಈ ದಾಸ್ತಾನನ್ನು ಬೇಗ ಖಾಲಿ ಮಾಡಬೇಕು, ಇಲ್ಲದಿದ್ದರೆ ಒಡೆಯುವ ಅಪಾಯ. 2016ರಲ್ಲಿ ಡೆಮಿಂಗ್ ತಂಡ ತೋರಿಸಿದಂತೆ, ಆಗ ಅದೇ ಕೋಲೀನನ್ನು ಕೋಶಗಳು ಆಹಾರವಾಗಿ ಉರಿಸಿಬಿಡಬಲ್ಲವು. ಚಳಿಗಾಲದ ಕವಚವೇ ವಸಂತದ ಊಟ.

ಈ ಇಡೀ ಇತಿಹಾಸ ಒಂದು ಮಾತನ್ನು ಹೇಳುತ್ತದೆ. ನಾವು ಚಳಿಯನ್ನು ಶತ್ರು ಎಂದುಕೊಂಡೆವು, ಈ ಜೀವಿಗಳಿಗೆ ಚಳಿ ಶತ್ರುವಲ್ಲ. ಅವು ಹೆದರಬೇಕಾದದ್ದು ಏರಿಳಿತಕ್ಕೆ, ಅದರಲ್ಲೂ ಥಟ್ಟನೆ ಬರುವ ಬಿಸಿ ಮತ್ತು ಸಪ್ಪೆ ನೀರಿಗೆ. ಪ್ರತಿ ವಸಂತದಲ್ಲೂ ಈ ಪರೀಕ್ಷೆ ಇದ್ದೇ ಇದೆ. ಕೆನ್ ಗೋಲ್ಡನ್ ಎಂಬ ಗಣಿತಜ್ಞ 1998ರಲ್ಲಿ ಸ್ಟೀವನ್ ಆ್ಯಕ್ಲಿ ಮತ್ತು ವಿಕ್ಟೋರಿಯಾ ಲಿಟಲ್ ಜೊತೆ ಸೇರಿ ಒಂದು ಹೊಸ್ತಿಲನ್ನು ಗುರುತಿಸಿದರು. ಉಪ್ಪು ಕಿಲೋಗೆ ಸುಮಾರು 5 ಗ್ರಾಂ ಇರುವ ಮಂಜುಗಡ್ಡೆಯಲ್ಲಿ ಉಷ್ಣತೆ ಮೈನಸ್ 5 ಡಿಗ್ರಿ ದಾಟಿದರೆ ಉಪ್ಪುನೀರಿನ ಪಾಲು ನೂರಕ್ಕೆ 5 ಮೀರುತ್ತದೆ, ಬಿಡಿಬಿಡಿಯಾಗಿದ್ದ ಕಾಲುವೆಗಳು ಕೂಡಿಕೊಂಡು ಮಂಜುಗಡ್ಡೆಯೊಳಗೆ ನೀರು ಹರಿಯತೊಡಗುತ್ತದೆ. ಅದರ ಕೆಳಗೆ ಬಾಗಿಲು ಮುಚ್ಚಿದ ಕೋಣೆಗಳು, ಮೇಲೆ ತೆರೆದ ಓಣಿಗಳು. ಕಡಲಿನಿಂದ ಪೋಷಕಾಂಶ ಬರುವುದೂ ಈ ಓಣಿಗಳಿಂದಲೇ, ಬೇಸಿಗೆಯಲ್ಲಿ ಮೇಲಿನ ಹೊಂಡದ ಸಪ್ಪೆ ನೀರು ಇಳಿಯುವುದೂ ಇವುಗಳಿಂದಲೇ.

ಈ ಪರೀಕ್ಷೆಯ ವೇಳಾಪಟ್ಟಿ ಈಗ ಬದಲಾಗುತ್ತಿದೆ. ಉಪಗ್ರಹಗಳು 1979ರಿಂದ ನಿರಂತರವಾಗಿ ಅಳೆಯುತ್ತಿವೆ. 2012ರ ಸೆಪ್ಟೆಂಬರಿನಲ್ಲಿ ಆರ್ಕ್ಟಿಕ್ ಮಂಜುಗಡ್ಡೆಯ ವಿಸ್ತಾರ ಸುಮಾರು 34 ಲಕ್ಷ ಚದರ ಕಿಲೋಮೀಟರಿಗೆ ಕುಸಿದು ದಾಖಲೆಯಾಯಿತು. ಅಂಟಾರ್ಕ್ಟಿಕಾದಲ್ಲಿ 2023ರ ಫೆಬ್ರವರಿಯಲ್ಲಿ ಅದು 20 ಲಕ್ಷಕ್ಕೂ ಕೆಳಗಿಳಿಯಿತು. ವಿಸ್ತಾರಕ್ಕಿಂತ ವಯಸ್ಸಿನ ಲೆಕ್ಕ ಇನ್ನೂ ಗಂಭೀರ. 1985ರ ಮಾರ್ಚಿನಲ್ಲಿ ಆರ್ಕ್ಟಿಕ್ ಮಂಜುಗಡ್ಡೆಯ ನೂರಕ್ಕೆ 33 ಭಾಗ ನಾಲ್ಕು ವರ್ಷಕ್ಕಿಂತ ಹಳೆಯದು. 2019ರ ಮಾರ್ಚಿನಲ್ಲಿ ಅದು 1.2 ಭಾಗ. ಬೇಸಿಗೆಗಳನ್ನು ದಾಟಿ ಉಳಿಯುತ್ತಿದ್ದ ದಪ್ಪ ಮಂಜುಗಡ್ಡೆಯ ಜಾಗದಲ್ಲಿ ಈಗ ಬಹುಪಾಲು ಒಂದೇ ಚಳಿಗಾಲದಲ್ಲಿ ಹುಟ್ಟಿದ ತೆಳು ಮಂಜುಗಡ್ಡೆ ಇದೆ. ಅದರಲ್ಲಿ ಹೆಚ್ಚಿನದು ಅದೇ ಬೇಸಿಗೆಯಲ್ಲಿ ಕರಗುತ್ತದೆ. 2019ರಿಂದ 2020ರವರೆಗೆ ಜರ್ಮನಿಯ ಪೋಲಾರ್‌ಸ್ಟರ್ನ್ ಹಡಗು ನಾನ್ಸೆನ್‌ನ ದಾರಿ ಹಿಡಿದು ಒಂದು ವರ್ಷ ಆರ್ಕ್ಟಿಕ್ ಮಂಜುಗಡ್ಡೆಯಲ್ಲಿ ತೇಲಿತು. ಹಡಗನ್ನು ಕಟ್ಟಿ ನಿಲ್ಲಿಸಲು ಸಾಕಷ್ಟು ದಪ್ಪದ ಒಂದು ಹಾಳೆ ಹುಡುಕುವುದೇ ಅವರ ಮೊದಲ ಕೆಲಸವಾಗಿತ್ತು.

ಬ್ಯಾಕ್ಟೀರಿಯಾ ಹೋದರೆ ಯಾರಿಗೇನು ಎನಿಸಬಹುದು. ಪಾಚಿ ಬೆಳೆಯಲು ಬೇಕಾದ ಸಾರಜನಕ, ರಂಜಕಗಳನ್ನು ಸತ್ತ ವಸ್ತುವಿನಿಂದ ಬಿಡಿಸಿ ಮರಳಿ ಕೊಡುವುದು ಈ ಬ್ಯಾಕ್ಟೀರಿಯಾಗಳು. ಆ ಪಾಚಿಯನ್ನು ಸಣ್ಣ ಸಿಗಡಿಯಂಥ ಜೀವಿಗಳು, ಅವನ್ನು ಮೀನು, ಮೀನನ್ನು ಸೀಲ್, ಸೀಲನ್ನು ಹಿಮಕರಡಿ ತಿನ್ನುತ್ತವೆ. ಪೋಸ್ಟರಿನಲ್ಲಿ ಕಾಣುವುದು ಕರಡಿ, ಲೆಕ್ಕಪತ್ರದ ಮೊದಲ ಸಾಲು ಬ್ಯಾಕ್ಟೀರಿಯಾ. ಮತ್ತೆ, ಯಾವ ಜೀವಿ ಉಳಿಯುತ್ತದೆ, ಯಾವುದು ಅಳಿಯುತ್ತದೆ ಎಂಬುದು ಸರಾಸರಿ ಉಷ್ಣತೆಯಿಂದ ಮಾತ್ರ ತೀರ್ಮಾನವಾಗುವುದಿಲ್ಲ. ಮೇಲೆ ಎಷ್ಟು ಹಿಮದ ಹೊದಿಕೆಯಿದೆ, ಬಿಸಿ ನಿಧಾನಕ್ಕೆ ಬಂತೋ ಒಂದೇ ವಾರದಲ್ಲಿ ಬಂತೋ, ಸಪ್ಪೆ ನೀರು ಎಷ್ಟು ಬೇಗ ಇಳಿಯಿತು ಎಂಬುದೆಲ್ಲ ಸೇರುತ್ತದೆ.

ಪ್ರಯೋಗಾಲಯದ ಬಕೆಟ್ಟಿನಲ್ಲಿ ಮಂಜುಗಡ್ಡೆ ಥಟ್ಟನೆ ಕರಗಿದರೆ ಒಳಗಿನ ಜೀವಗಳಿಗೆ ಏನಾಗುತ್ತದೆ ಎಂದು ವಿಜ್ಞಾನಿಗಳು ಬಹಳ ತಡವಾಗಿ ತಿಳಿದರು. ತಿಳಿದ ಮೇಲೆ ವಿಧಾನ ಬದಲಿಸಿದರು. ಉಪ್ಪು ಬೆರೆಸಿದರು, ನಿಧಾನವಾಗಿ ಕರಗಿಸಿದರು, ಚಳಿಯಲ್ಲೇ ಕುಳಿತು ನೋಡಿದರು. ಈಗ ಬಕೆಟ್ಟಿನ ಹೊರಗೆ, ಇಡೀ ಆರ್ಕ್ಟಿಕ್ ಸಾಗರದ ಅಳತೆಯಲ್ಲಿ, ಹಾಗೆಯೇ ಕರಗಿಸುವ ಹಳೆಯ ಪ್ರಯೋಗ ನಡೆಯುತ್ತಿದೆ. ಅದಕ್ಕೆ ಉಪ್ಪು ಬೆರೆಸಲು ಯಾರಿಂದಲೂ ಆಗುವುದಿಲ್ಲ. ಕರಗುವ ವೇಗವನ್ನು ತಗ್ಗಿಸುವುದು ಮಾತ್ರ ಇನ್ನೂ ಮನುಷ್ಯರ ಕೈಯಲ್ಲಿದೆ.